ಜಗುಲಿಯ ಮಾತು: ಎರಡು ಊರು, ನಾಲ್ಕು ಪತ್ರಿಕೆ

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ಊಟವಾದ ಮೇಲೆ ನಮ್ಮ ಮನೆಯ ಜಗುಲಿಯಲ್ಲಿ ಒಂದು ದೊಡ್ಡ ವ್ಯಾಜ್ಯ ನಡೆಯಿತು. ವಾದಿ ನಮ್ಮ ಅಣ್ಣನ ಮಗ. ಪ್ರತಿವಾದಿ ನಮ್ಮ ತಂಗಿಯ ಮಗ. ವ್ಯಾಜ್ಯದ ಆಸ್ತಿ ಮಾತ್ರ ನಮ್ಮ ಸೀಮೆಯದಲ್ಲ. ಸಾವಿರಾರು ಮೈಲಿ ಆಚೆ, ಸ್ಪೇನ್ ದೇಶದಲ್ಲಿರುವ ಎರಡು ಕಾಲ್ಚೆಂಡಿನ ಕ್ಲಬ್ಬುಗಳು. ಒಬ್ಬನಿಗೆ ಬಾರ್ಸಿಲೋನಾ ದೈವ, ಇನ್ನೊಬ್ಬನಿಗೆ ರಿಯಲ್ ಮ್ಯಾಡ್ರಿಡ್. ಆ ಊರುಗಳನ್ನು ಇಬ್ಬರೂ ಕಂಡವರಲ್ಲ. ಆದರೂ ಅಲ್ಲಿಯ ಪತ್ರಿಕೆಗಳಲ್ಲಿ ಈ ದಿನ ಯಾರ ಚಿತ್ರ ದೊಡ್ಡದಾಗಿ ಬಂದಿದೆ, ಯಾರ ಸೋಲನ್ನು ಎಷ್ಟು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿದ್ದಾರೆ ಎಂಬುದು ಇಬ್ಬರಿಗೂ ಬೆಳಗ್ಗೆ ಕಾಫಿಗೆ ಮುಂಚೆಯೇ ತಿಳಿದಿರುತ್ತದೆ. ಕೈಯಲ್ಲಿರುವ ಫೋನಿನ ಮಹಿಮೆ!

“ನೋಡಿ ಚಿಕ್ಕಪ್ಪ, ಮ್ಯಾಡ್ರಿಡಿನ ಪತ್ರಿಕೆಗಳವರು ನಮ್ಮ ತಂಡವನ್ನು ಕಂಡರೆ ಉರಿದುಬೀಳುತ್ತಾರೆ” ಎಂದು ಒಬ್ಬನು. “ಮಾವ, ಬಾರ್ಸಿಲೋನಾದವರು ಸತ್ಯಹರಿಶ್ಚಂದ್ರರೋ? ಅವರ ಪತ್ರಿಕೆಯನ್ನು ಒಂದು ದಿನ ಓದಿ ನೋಡಿ” ಎಂದು ಇನ್ನೊಬ್ಬನು. ಇಬ್ಬರಿಗೂ ಸ್ಪೇನಿನ ಭಾಷೆ ಬಾರದು; ಯಂತ್ರವು ಭಾಷಾಂತರಿಸಿ ಕೊಟ್ಟದ್ದನ್ನೇ ವೇದವಾಕ್ಯವೆಂದು ನಂಬಿ ಜಗಳವಾಡುವರು. ಮಧ್ಯಸ್ಥಿಕೆಗೆ ನಮ್ಮನ್ನು ಕರೆದುದರಿಂದ ನಾವೂ ಆ ವಿಷಯವನ್ನು ಒಂದಿಷ್ಟು ಓದಬೇಕಾಯಿತು. ಓದಿದ ಮೇಲೆ ತಿಳಿದದ್ದನ್ನು ಈ ತಿಂಗಳ ಜಗುಲಿಯಲ್ಲಿ ವಾಚಕರ ಮುಂದಿಡುತ್ತೇವೆ. ಕಾಲ್ಚೆಂಡಿನ ಗೋಜೇ ಬೇಡವೆನ್ನುವ ಗೃಹಿಣಿಯರೂ ದಯಮಾಡಿ ಪುಟ ಮಗುಚಬಾರದು. ಮಾತು ಹೆಣ್ಣುಮಕ್ಕಳ ಕಡೆಗೇ ಹೊರಳುವುದಿದೆ.

ಆ ದೇಶದಲ್ಲಿ ಆಟಗಳಿಗಾಗಿಯೇ ಮೀಸಲಾದ ದಿನಪತ್ರಿಕೆಗಳಿವೆ. ಬಾರ್ಸಿಲೋನಾದ ‘ಮುಂಡೋ ಡಿಪೋರ್ಟಿವೊ’ ಎಂಬುದು 1906ರಲ್ಲಿಯೇ ಹುಟ್ಟಿದ್ದು. ಅದೇ ಊರಿನ ‘ಸ್ಪೋರ್ಟ್’ ಎಂಬುದು 1979ರದು. ಮ್ಯಾಡ್ರಿಡಿನ ಕಡೆಗೆ ‘ಮಾರ್ಕಾ’ ಮತ್ತು ‘ಆಸ್’ ಎಂಬ ಎರಡು. ಮಾರ್ಕಾ ಪತ್ರಿಕೆಯು 1938ರಲ್ಲಿ, ಅಂತರ್ಯುದ್ಧದ ನಡುವೆ, ಬೇರೊಂದು ಊರಿನಲ್ಲಿ ಹುಟ್ಟಿ ಆಮೇಲೆ ಮ್ಯಾಡ್ರಿಡಿಗೆ ಬಂದಿತು. ಆಸ್ ದಿನಪತ್ರಿಕೆಯು 1967ರಿಂದ ನಡೆಯುತ್ತಿದೆ. ಮೊದಲಿನ ಎರಡು ಬಾರ್ಸಿಲೋನಾದ ಪಕ್ಷ, ಕಡೆಯ ಎರಡು ಮ್ಯಾಡ್ರಿಡಿನ ಪಕ್ಷ. ಇದು ಗುಟ್ಟೇನೂ ಅಲ್ಲ. ಅಲ್ಲಿ ಕಾಫಿ ಅಂಗಡಿಯ ಮೇಜಿನ ಮೇಲೆ ಯಾವ ಪತ್ರಿಕೆ ಬಿದ್ದಿದೆ ಎಂಬುದನ್ನು ನೋಡಿದರೆ ಅಂಗಡಿಯವನ ಒಲವು ಯಾವ ಕಡೆಗೆಂದು ಊಹಿಸಬಹುದು.

ಹೀಗಿರುವಲ್ಲಿ ‘ಪಕ್ಷಪಾತ, ಪಕ್ಷಪಾತ’ ಎಂದು ಕೂಗುವುದಕ್ಕೆ ಅರ್ಥವೇನು? ವಕೀಲನು ತನ್ನ ಕಕ್ಷಿಗಾರನ ಪರವಾಗಿ ಮಾತನಾಡಿದರೆ ಅವನನ್ನು ಯಾರೂ ದೂರುವುದಿಲ್ಲ. ತನ್ನ ಊರಿನ ತಂಡ ಗೆದ್ದ ದಿನ ಪತ್ರಿಕೆಯನ್ನು ಎರಡರಷ್ಟು ಕೊಳ್ಳುವವನು ಓದುಗನೇ. ಸೋತ ದಿನ ರೆಫರಿಯನ್ನು ಬಯ್ಯುವ ಬರಹವನ್ನು ಹುಡುಕುವವನೂ ಅವನೇ. ಬೇಡಿಕೆಯಿರುವ ಸರಕನ್ನು ಅಂಗಡಿಯವನು ಮಾರುತ್ತಾನೆ. ಈ ಮಾತನ್ನು ನಾವು ಹುಡುಗರಿಗೆ ಹೇಳಿದಾಗ ಇಬ್ಬರೂ ಒಪ್ಪಿದರು. ಆದರೆ ತಮ್ಮ ತಮ್ಮ ಎದುರಾಳಿಯ ಪತ್ರಿಕೆಯ ವಿಷಯದಲ್ಲಿ ಮಾತ್ರ ಒಪ್ಪಿದರು!

ಇದೆಲ್ಲ ವಿನೋದವಾಗಿರುವ ತನಕ ಸರಿಯೆ. ಮಿತಿ ಮೀರಿದಾಗ ಆಗುವುದೇನೆಂಬುದಕ್ಕೆ 2025ರ ಏಪ್ರಿಲ್ ತಿಂಗಳಲ್ಲಿ ಒಂದು ನಿದರ್ಶನ ಕಂಡಿತು. ಸೆವಿಲ್ ನಗರದಲ್ಲಿ ಈ ಎರಡು ಕ್ಲಬ್ಬುಗಳ ಗಂಡಸರ ತಂಡಗಳಿಗೆ ರಾಜನ ಬಟ್ಟಲಿನ ಅಂತಿಮ ಪಂದ್ಯ ಗೊತ್ತಾಗಿತ್ತು. ರಿಯಲ್ ಮ್ಯಾಡ್ರಿಡಿಗೆ ತನ್ನದೇ ಆದ ದೂರದರ್ಶನ ವಾಹಿನಿಯೊಂದಿದೆ. ಪಂದ್ಯಕ್ಕೆ ಮುಂಚೆ ಆ ಪಂದ್ಯದ ರೆಫರಿಯ ಹಳೆಯ ತಪ್ಪುಗಳನ್ನೆಲ್ಲ ಆಯ್ದು ಜೋಡಿಸಿ ತೋರಿಸುವುದು ಅದರ ವಾಡಿಕೆ. ಪಂದ್ಯದ ಹಿಂದಿನ ದಿನ ರೆಫರಿ ರಿಕಾರ್ಡೊ ದೆ ಬುರ್ಗೋಸ್ ಬೆಂಗೊಚೆಯಾ ಎಂಬವರು ಪತ್ರಿಕಾಕರ್ತರ ಮುಂದೆ ಕುಳಿತು ಮಾತನಾಡುತ್ತ, ತಮ್ಮ ಮಗನಿಗೆ ಶಾಲೆಯಲ್ಲಿ ಇತರ ಮಕ್ಕಳು ‘ನಿನ್ನ ಅಪ್ಪ ಕಳ್ಳ’ ಎನ್ನುತ್ತಾರೆಂದೂ, ಹುಡುಗನು ಅಳುತ್ತ ಮನೆಗೆ ಬರುತ್ತಾನೆಂದೂ ಹೇಳುತ್ತಲೇ ಕಣ್ಣೀರು ಸುರಿಸಿದರು. ಆ ಸಂಜೆ ಮ್ಯಾಡ್ರಿಡ್ ಕ್ಲಬ್ಬಿನವರು ಅವರ ಮಾತುಗಳೇ ತಪ್ಪೆಂದು ಮುನಿದು, ಪಂದ್ಯಕ್ಕೆ ಮುಂಚಿನ ವಾಡಿಕೆಯ ಸಭೆಗೂ ಅಭ್ಯಾಸಕ್ಕೂ ಬಾರದೆ ನಿಂತರು. ಮರುದಿನ ಪಂದ್ಯವೇನೋ ನಡೆಯಿತು. ಹೆಚ್ಚುವರಿ ಸಮಯದಲ್ಲಿ ಬಾರ್ಸಿಲೋನಾ 3–2ರಿಂದ ಗೆದ್ದಿತು. ಆದರೆ ಬಟ್ಟಲು ಯಾರ ಮನೆಗೆ ಹೋಯಿತೆಂಬುದಕ್ಕಿಂತ ಆ ಹುಡುಗನು ಸೋಮವಾರ ಶಾಲೆಗೆ ಹೇಗೆ ಹೋಗಿದ್ದಾನು ಎಂಬ ಯೋಚನೆಯೇ ನಮಗೆ ಹತ್ತಿಕೊಂಡಿತು.

ನಮ್ಮ ಜಗುಲಿಯ ವ್ಯಾಜ್ಯಕ್ಕೆ ಹಿಂದಿರುಗೋಣ. ವಾದವು ಪತ್ರಿಕೆಗಳಿಂದ ಬಟ್ಟಲುಗಳ ಲೆಕ್ಕಕ್ಕೆ ಇಳಿಯಿತು. ಯೂರೋಪಿನ ಮಹಾಪ್ರಶಸ್ತಿಯಾದ ಚಾಂಪಿಯನ್ಸ್ ಲೀಗನ್ನು ಮ್ಯಾಡ್ರಿಡಿನ ಗಂಡಸರು 2024ರ ಹೊತ್ತಿಗೆ ಹದಿನೈದು ಸಲ ಗೆದ್ದಿದ್ದರು. ಬಾರ್ಸಿಲೋನಾದ ಗಂಡಸರದು ಐದೇ. ಅದರಲ್ಲಿ ಐದನೆಯದು 2015ರಷ್ಟು ಹಿಂದಿನದು. ಅಣ್ಣನ ಮಗನು ಸುಮ್ಮನಿದ್ದಾನೆಯೆ? “ನಮ್ಮ ಹೆಂಗಸರು 2021, 2023, 2024, ಮೂರು ಸಲ ಗೆದ್ದಿದ್ದಾರೆ, ಅದನ್ನೂ ಸೇರಿಸು” ಎಂದನು. ತಂಗಿಯ ಮಗನು, “ಹೆಂಗಸರದು ಬೇರೆ ಲೆಕ್ಕ” ಎಂದನು. 

ಬೇರೆ ಲೆಕ್ಕವೆಂಬುದೇನೋ ನಿಜ. ಆದರೆ ಆ ಲೆಕ್ಕದ ಪುಸ್ತಕವನ್ನು ಬಿಚ್ಚಿದವರು ಯಾರು? ಅಣ್ಣನ ಮಗನನ್ನು ನಾವು ಕೇಳಿದೆವು: “ಅಪ್ಪಾ, ಆ ಮೂರರಲ್ಲಿ ನೀನು ಕುಳಿತು ನೋಡಿದ ಪಂದ್ಯ ಎಷ್ಟು?” ಅವನು ತಲೆ ಕೆರೆದುಕೊಂಡನು. ಒಂದನ್ನೂ ಪೂರ್ತಿ ನೋಡಿರಲಿಲ್ಲ. ಎದುರಾಳಿಗೆ ಎಸೆಯುವುದಕ್ಕೆ ಕೈಗೆ ಸಿಕ್ಕಿದ ಕಲ್ಲು ಅದು, ಅಷ್ಟೆ.

2024ರ ಮೇ 25ರಂದು ಬಿಲ್ಬಾವೊ ನಗರದಲ್ಲಿ ಬಾರ್ಸಿಲೋನಾದ ಹೆಂಗಸರು ಫ್ರಾನ್ಸಿನ ಲಿಯೋನ್ ತಂಡವನ್ನು 2–0ರಿಂದ ಸೋಲಿಸಿ ಯೂರೋಪಿನ ಬಟ್ಟಲನ್ನು ಎತ್ತಿದರು. ಪ್ರೇಕ್ಷಕರು ಐವತ್ತು ಸಾವಿರಕ್ಕೆ ಮೇಲೆ. ಅದಕ್ಕೆ ಸರಿಯಾಗಿ ಒಂದು ವಾರಕ್ಕೆ, ಜೂನ್ 1ರಂದು, ಲಂಡನ್ನಿನಲ್ಲಿ ಮ್ಯಾಡ್ರಿಡಿನ ಗಂಡಸರು ಡಾರ್ಟ್‌ಮಂಡ್ ತಂಡವನ್ನು ಅದೇ 2–0ರಿಂದ ಸೋಲಿಸಿ ತಮ್ಮ ಬಟ್ಟಲನ್ನು ಎತ್ತಿದರು. ನಮ್ಮ ಮನೆಯಲ್ಲಿ ಎರಡನೆಯದಕ್ಕೆ ರಾತ್ರಿಯೆಲ್ಲ ದೀಪ ಉರಿಯಿತು. ಮೊದಲನೆಯದು ನಡೆದುದೇ ತಿಳಿಯಲಿಲ್ಲ. ಅದೇ ವರ್ಷದ ಅಕ್ಟೋಬರ್ 28ರಂದು ಪ್ಯಾರಿಸಿನಲ್ಲಿ ಚಿನ್ನದ ಚೆಂಡಿನ ಪ್ರಶಸ್ತಿ ಕೊಡುವ ಸಮಾರಂಭ. ತಮ್ಮ ಆಟಗಾರ ವಿನೀಸಿಯಸನಿಗೆ ಆ ಪ್ರಶಸ್ತಿ ಬರುವುದಿಲ್ಲವೆಂದು ತಿಳಿದ ಕೂಡಲೇ ಮ್ಯಾಡ್ರಿಡ್ ಕ್ಲಬ್ಬಿನವರೊಬ್ಬರೂ ಅಲ್ಲಿಗೆ ಹೋಗಲಿಲ್ಲ. ಪತ್ರಿಕೆಗಳಿಗೆಲ್ಲ ಆ ಮುನಿಸೇ ಸುಗ್ಗಿಯಾಯಿತು. ಒಂದು ಪಕ್ಷಕ್ಕೆ ಅನ್ಯಾಯ, ಇನ್ನೊಂದು ಪಕ್ಷಕ್ಕೆ ಅಹಂಕಾರ. ಆ ಸಂಜೆಯೇ, ಆ ವೇದಿಕೆಯ ಮೇಲೆಯೇ, ಐತಾನಾ ಬೊನ್ಮಾತಿ ಎಂಬ ಕತಲೋನಿಯಾದ ಹುಡುಗಿ ಹೆಂಗಸರ ಚಿನ್ನದ ಚೆಂಡನ್ನು ಸತತವಾಗಿ ಎರಡನೆಯ ವರ್ಷ ಪಡೆದಳು. 2025ರಲ್ಲಿ ಮೂರನೆಯ ಸಲವೂ ಪಡೆದಳು. ಅವಳಿಗಿಂತ ಮುಂಚೆ 2021 ಮತ್ತು 2022ರಲ್ಲಿ ಅದು ಅದೇ ಕ್ಲಬ್ಬಿನ ಅಲೆಕ್ಸಿಯಾ ಪುತೆಯಾಸಳ ಪಾಲಾಗಿತ್ತು. ಐದು ವರ್ಷ ಒಂದೇ ಕ್ಲಬ್ಬಿನ ಹೆಣ್ಣುಮಕ್ಕಳಿಗೆ ಜಗತ್ತಿನ ಅಗ್ರಪೂಜೆ! ಇಂಥದು ಗಂಡಸರಿಗೆ ಸಂದಿದ್ದರೆ ನಮ್ಮ ಹುಡುಗರ ಬಾಯಿ ಮುಚ್ಚಿಸುವವರು ಯಾರಿದ್ದರು?

ಇಷ್ಟು ಹೊತ್ತು ಮೂಲೆಯಲ್ಲಿ ಕುಳಿತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಅಣ್ಣನ ಮಗಳು, ಹದಿಮೂರು ವರ್ಷದವಳು, ಆಗ ತಲೆಯೆತ್ತಿ, “ಅಣ್ಣ, ನಿಮ್ಮ ನಾಲ್ಕು ಪತ್ರಿಕೆಗಳಲ್ಲಿಯೂ ಹೆಂಗಸರ ಆಟ ಎಷ್ಟನೆಯ ಪುಟದಲ್ಲಿ ಬರುತ್ತದೆ?” ಎಂದು ಕೇಳಿದಳು. ಎರಡು ಪಕ್ಷದವರೂ ನಿರುತ್ತರರಾದರು. ಪಕ್ಷಪಾತವೆಂದರೆ ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ತೆಗಳುವುದೆಂದು ನಾವು ತಿಳಿದಿದ್ದೆವು. ಹೆಸರನ್ನೇ ಎತ್ತದಿರುವುದೂ ಒಂದು ಬಗೆಯ ಪಕ್ಷಪಾತವೆಂಬುದು ಆ ಮಗುವಿನ ಪ್ರಶ್ನೆಯಿಂದ ನಮಗೆ ಹೊಳೆಯಿತು; ಆ ವಿಷಯದಲ್ಲಿ ಎರಡೂರಿನವರೂ ಬಹುಕಾಲ ಏಕಮತದವರಾಗಿದ್ದರು.

ಬಾರ್ಸಿಲೋನಾದ ಹಳೆಯ ಕಥೆಯನ್ನೇ ನೋಡಬಹುದು. 1970ರಲ್ಲಿ ಇಮ್ಮಾಕುಲಾದಾ ಕಾಬೆಸೆರಾನ್ ಎಂಬ ಹದಿನೆಂಟು ವರ್ಷದ ಹುಡುಗಿ ಆ ಕ್ಲಬ್ಬಿನ ಅಧ್ಯಕ್ಷರಾಗಿದ್ದ ಅಗುಸ್ತಿ ಮೊಂತಾಲರ ಬಳಿಗೆ ಹೋಗಿ, ಹುಡುಗಿಯರ ತಂಡವೊಂದನ್ನು ಕಟ್ಟಬೇಕೆಂದು ಕೇಳಿಕೊಂಡಳು. ಪತ್ರಿಕೆಯೊಂದರಲ್ಲಿ ‘ಆಡುವ ಮನಸ್ಸುಳ್ಳ ಹುಡುಗಿಯರು ಬನ್ನಿ’ ಎಂಬರ್ಥದ ಪ್ರಕಟನೆಯನ್ನೂ ಕೊಟ್ಟಳು. ಹುಡುಗಿಯರು ಬಂದರು. ಆ ವರ್ಷದ ಡಿಸೆಂಬರ್ 25, ಕ್ರಿಸ್ತಜಯಂತಿಯ ದಿನ, ಕ್ಲಬ್ಬಿನ ಮಹಾ ಕ್ರೀಡಾಂಗಣದಲ್ಲಿ ಅವರ ಮೊದಲ ಪಂದ್ಯ ನಡೆಯಿತು. ಅರವತ್ತು ಸಾವಿರದಷ್ಟು ಜನ ನೆರೆದಿದ್ದರೆಂದು ಹೇಳುತ್ತಾರೆ. ಆದರೆ ಅವರಿಗೆ ಕ್ಲಬ್ಬಿನ ಹೆಸರಿಲ್ಲ, ಕ್ಲಬ್ಬಿನ ಬಣ್ಣದ ಅಂಗಿಯೂ ಇಲ್ಲ. ‘ಬಾರ್ಸಿಲೋನಾ ನಗರದ ಆಯ್ದ ತಂಡ’ ಎಂಬ ಹೆಸರಿನಿಂದ, ಬಿಳಿಯ ಅಂಗಿ ತೊಟ್ಟು ಆಡಿದರು. ಮನೆಯ ಸೊಸೆಗೆ ಹಜಾರದಲ್ಲಿ ಹಾಡಲು ಅಪ್ಪಣೆಯಿದ್ದು ಮನೆತನದ ಹೆಸರು ಹೇಳಿಕೊಳ್ಳಲು ಅಪ್ಪಣೆಯಿಲ್ಲದಂತೆ! ಆ ದೇಶದ ಕಾಲ್ಚೆಂಡಿನ ಮಹಾಮಂಡಲವು ಹೆಂಗಸರ ಆಟವನ್ನು ಒಪ್ಪಿಕೊಂಡದ್ದು 1980ರಲ್ಲಿ. ಅವರಿಗೆ ರಾಷ್ಟ್ರೀಯ ಲೀಗು ಎಂಬುದೊಂದು ಆದದ್ದು 1988ರಲ್ಲಿ. ಬಾರ್ಸಿಲೋನಾ ಕ್ಲಬ್ಬು ತನ್ನ ಹೆಂಗಸರಿಗೆ ಆಟವೇ ವೃತ್ತಿಯಾಗುವಂತೆ ಏರ್ಪಡಿಸಿದ್ದು 2015ರಲ್ಲಿ. 1902ರಲ್ಲಿ ಸ್ಥಾಪಿತವಾದ ರಿಯಲ್ ಮ್ಯಾಡ್ರಿಡಿನವರಂತೂ ಹೆಂಗಸರ ತಂಡವನ್ನು ಹೊಂದಿದ್ದು 2020ರಲ್ಲಿ, ಅದೂ ತಾಕೋನ್ ಎಂಬ ಬೇರೊಂದು ಸಣ್ಣ ಕ್ಲಬ್ಬನ್ನು ತಮ್ಮೊಳಗೆ ಸೇರಿಸಿಕೊಂಡು. ನೂರ ಹದಿನೆಂಟು ವರ್ಷ ಬೇಕಾಯಿತು!

ಆ ತಂಡವು ಬಾರ್ಸಿಲೋನಾದ ಹೆಂಗಸರನ್ನು ಮೊದಲ ಸಲ ಸೋಲಿಸಿದ್ದು 2025ರ ಮಾರ್ಚ್ 23ರಂದು, ಎದುರಾಳಿಯ ಊರಿನಲ್ಲಿಯೇ, 3–1ರಿಂದ. ಅದುವರೆಗೆ ಆಡಿದ ಪಂದ್ಯಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ‘ಹೆಂಗಸರದು ಬೇರೆ ಲೆಕ್ಕ’ ಎನ್ನುತ್ತಿದ್ದ ನಮ್ಮ ಸೋದರಳಿಯನು ಆ ದಿನ ಮಾತ್ರ ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡೇ ನಮ್ಮ ಮನೆಗೆ ಬಂದಿದ್ದನೆಂಬುದನ್ನು ಇಲ್ಲಿ ಬರೆಯದೆ ಬಿಡಲಾರೆವು.

ಪಕ್ಷ ಪಕ್ಷ ಎಂದು ಬಡಿದಾಡುವವರು ಒಂದು ಗೋಲನ್ನು ನಿಧಾನವಾಗಿ ನೋಡಬೇಕು. 2023ರ ಆಗಸ್ಟ್ 20, ಆಸ್ಟ್ರೇಲಿಯಾದ ಸಿಡ್ನಿ ನಗರ, ಹೆಂಗಸರ ಜಾಗತಿಕ ಪಂದ್ಯಾವಳಿಯ ಅಂತಿಮ ಪಂದ್ಯ, ಸ್ಪೇನಿಗೂ ಇಂಗ್ಲೆಂಡಿಗೂ. ಇಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಇಂಗ್ಲೆಂಡಿನ ಲೂಸಿ ಬ್ರಾಂಜ್ ಚೆಂಡನ್ನು ನಡುವಿನ ತನಕ ಒಯ್ದು ಕಳೆದುಕೊಂಡಳು. ಅದು ತೆರೇಸಾ ಅಬೆಯೇರಾಳ ಕಾಲಿಗೆ ಸಿಕ್ಕಿತು. ಅವಳು ಮ್ಯಾಡ್ರಿಡ್ ಕ್ಲಬ್ಬಿನವಳು. ಅವಳು ಮೈದಾನದ ಅಡ್ಡಕ್ಕೆ ಎಡಗಡೆಗೆ ಉದ್ದವಾಗಿ ಕಳುಹಿಸಿದ ಚೆಂಡನ್ನು ಪಡೆದವಳು ಮಾರಿಯೋನಾ ಕಾಲ್ದೆಂತೆಯ್. ಇವಳು ಬಾರ್ಸಿಲೋನಾ ಕ್ಲಬ್ಬಿನವಳು. ಇವಳು ಓಡಿಬರುತ್ತಿದ್ದ ಓಲ್ಗಾ ಕಾರ್ಮೋನಾಳ ಮುಂದಕ್ಕೆ ಅದನ್ನು ಉರುಳಿಸಿಕೊಟ್ಟಳು. ಅವಳು ಮತ್ತೆ ಮ್ಯಾಡ್ರಿಡಿನವಳು. ಅವಳು ಎಡಗಾಲಿನಿಂದ ನೆಲದ ಮೇಲೆಯೇ ಒದ್ದ ಚೆಂಡು ಕಂಬದ ಪಕ್ಕದಲ್ಲಿ ಬಲೆ ಸೇರಿತು. ಸ್ಪೇನ್ 1–0ರಿಂದ ಗೆದ್ದಿತು. ಸೊಗಸೇನೆಂದರೆ, ಚೆಂಡು ಕಳೆದುಕೊಂಡ ಇಂಗ್ಲೆಂಡಿನ ಬ್ರಾಂಜಳೂ ಆ ಕಾಲಕ್ಕೆ ಬಾರ್ಸಿಲೋನಾ ಕ್ಲಬ್ಬಿನವಳೇ! ಇದರಲ್ಲಿ ಯಾವ ಊರಿಗೆ ಎಷ್ಟು ಪಾಲು ಎಂದು ಹಂಚಿಕೊಡಿರೆಂದು ನಮ್ಮ ಹುಡುಗರಿಗೆ ಹೇಳಿದೆವು. ಅವರು ಹಂಚಲೂ ತೊಡಗಿದರು, ಪಾಪ.

ಪಂದ್ಯ ಮುಗಿದ ಮೇಲೆ ಕಾರ್ಮೋನಾಳಿಗೆ ಅವಳ ತಂದೆ ತೀರಿಕೊಂಡ ವಾರ್ತೆಯನ್ನು ತಿಳಿಸಿದರು. ಮನಸ್ಸು ಕದಡಬಾರದೆಂದು ಮನೆಯವರು ಅದುವರೆಗೆ ಬಚ್ಚಿಟ್ಟಿದ್ದರು. ಜಗತ್ತನ್ನು ಗೆದ್ದ ರಾತ್ರಿಯೇ ತಂದೆಯಿಲ್ಲದವಳಾದ ಆ ಮಗಳ ಸುದ್ದಿಯಾದರೂ ಮರುವಾರ ಊರೂರಿನಲ್ಲಿ ನಿಲ್ಲಬೇಕಾಗಿತ್ತು. ನಿಂತದ್ದು ಬೇರೊಂದು. ಪದಕ ಕೊಡುವ ವೇದಿಕೆಯ ಮೇಲೆ ಆ ದೇಶದ ಕಾಲ್ಚೆಂಡಿನ ಮಹಾಮಂಡಲದ ಅಧ್ಯಕ್ಷ ಲೂಯಿಸ್ ರೂಬಿಯಾಲೆಸ್ ಎಂಬಾತನು ಆಟಗಾರ್ತಿ ಜೆನ್ನಿ ಎರ್ಮೋಸೊಳ ತಲೆಯನ್ನು ಎರಡು ಕೈಗಳಲ್ಲಿ ಹಿಡಿದು ಅವಳ ಬಾಯಿಗೆ ಮುತ್ತಿಟ್ಟನು. ತನಗೆ ಅದು ಒಪ್ಪಿಗೆಯಿರಲಿಲ್ಲವೆಂದು ಅವಳು ಹೇಳಿದಳು. ಆತನು ಸಭೆಯಲ್ಲಿ ರಾಜೀನಾಮೆ ಕೊಡುವುದಿಲ್ಲವೆಂದು ಮತ್ತೆ ಮತ್ತೆ ಕೂಗಿದಾಗ ಚಪ್ಪಾಳೆ ತಟ್ಟಿದ ಗಂಡಸರೂ ಇದ್ದರು. ಆಗ ಎಂಬತ್ತೊಂದು ಮಂದಿ ಆಟಗಾರ್ತಿಯರು ಒಂದೇ ಬಿನ್ನವತ್ತಳೆಗೆ ಹೆಸರು ಹಾಕಿ, ಈ ಅಧಿಕಾರಿಗಳಿರುವ ತನಕ ದೇಶದ ಪರವಾಗಿ ಆಡುವುದಿಲ್ಲವೆಂದರು. ಬಾರ್ಸಿಲೋನಾದವರು ಬೇರೆ, ಮ್ಯಾಡ್ರಿಡಿನವರು ಬೇರೆ ಎಂಬುದು ಆ ಕಾಗದದಲ್ಲಿರಲಿಲ್ಲ. ಸೆಪ್ಟೆಂಬರ್ 10ರಂದು ಆತನು ಅಧಿಕಾರ ಬಿಟ್ಟನು. 2025ರ ಫೆಬ್ರವರಿಯಲ್ಲಿ ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿ 10,800 ಯೂರೋ ದಂಡ ವಿಧಿಸಿತು.

ಹೊಟ್ಟೆಪಾಡಿನ ಮಾತೂ ಇದೆ. ಆ ದೇಶದ ಆಟಗಾರ್ತಿಯರು 2019ರ ನವೆಂಬರಿನಲ್ಲಿ ಆಟವನ್ನೇ ನಿಲ್ಲಿಸಿ ಮುಷ್ಕರ ಹೂಡಿದ ಮೇಲೆ, 2020ರಲ್ಲಿ ಅವರಿಗೆ ವರ್ಷಕ್ಕೆ 16,000 ಯೂರೋ ಎಂಬ ಕನಿಷ್ಠ ಸಂಬಳದ ಒಪ್ಪಂದವಾಯಿತು. 2023ರಲ್ಲಿ, ಜಗತ್ತನ್ನು ಗೆದ್ದು ಬಂದ ಮರುತಿಂಗಳೇ, ಮತ್ತೆ ಮುಷ್ಕರ ಹೂಡಿ ಅದನ್ನು 21,000ಕ್ಕೆ ಏರಿಸಿಕೊಂಡರು.

ಪತ್ರಿಕೆಗಳವರ ಕಡೆಯ ಮಾತನ್ನೂ ಹೇಳದಿದ್ದರೆ ನಾವೇ ಪಕ್ಷಪಾತಿಗಳಾದೇವು. ‘ಓದುವವರಿಲ್ಲದ್ದನ್ನು ಏಕೆ ಅಚ್ಚುಹಾಕಲಿ?’ ಎಂಬುದು ಅವರ ವಾದ. ಅದರಲ್ಲಿ ಅರ್ಧ ಸತ್ಯವಿದೆ. 2022ರ ಏಪ್ರಿಲಿನಲ್ಲಿ ಬಾರ್ಸಿಲೋನಾದ ಹೆಂಗಸರು ಜರ್ಮನಿಯ ವೋಲ್ಫ್ಸ್‌ಬರ್ಗ್ ತಂಡದೊಡನೆ ಆಡಿದಾಗ 91,648 ಜನ ಬಂದಿದ್ದರು, ದಿಟ. ಆದರೆ ಅದೇ ತಂಡ ವಾಡಿಕೆಯಾಗಿ ಆಡುತ್ತ ಬಂದ ಸಣ್ಣ ಅಂಗಣದಲ್ಲಿ ಆರು ಸಾವಿರ ಜನರಿಗಷ್ಟೇ ಸ್ಥಳ. ಲೀಗಿನಲ್ಲಿ ಒಂದೇ ತಂಡ ವಾರವಾರವೂ ಐದಾರು ಗೋಲುಗಳಿಂದ ಗೆಲ್ಲುತ್ತಿದ್ದರೆ ಸುದ್ದಿಯ ಸ್ವಾರಸ್ಯ ಕೆಡುತ್ತದೆ, ಅದೂ ದಿಟ. ಅಂದಮೇಲೆ ಸುದ್ದಿ ಬಾರದ್ದರಿಂದ ಜನ ಬರಲಿಲ್ಲವೋ, ಜನ ಬಾರದ್ದರಿಂದ ಸುದ್ದಿ ಬರಲಿಲ್ಲವೋ? 1970ರಲ್ಲಿ ಹೆಸರಿಲ್ಲದ ಹುಡುಗಿಯರನ್ನು ನೋಡಲು ಹಬ್ಬದ ದಿನ ಬಂದ ಆ ಜನಸ್ತೋಮವನ್ನು ನೆನೆದರೆ ನಮ್ಮ ತಕ್ಕಡಿ ಮೊದಲನೆಯದರ ಕಡೆಗೆ ತುಸು ಬಾಗುತ್ತದೆ.

ಇನ್ನೊಂದು ಮಾತು. ಮೇಲೆ ಹೇಳಿದ ಮಾರಿಯೋನಾ 2024ರಲ್ಲಿ ಬಾರ್ಸಿಲೋನಾವನ್ನು ಬಿಟ್ಟು ಲಂಡನ್ನಿನ ಆರ್ಸೆನಲ್ ಕ್ಲಬ್ಬಿಗೆ ಸೇರಿದಳು. 2025ರ ಮೇ 24ರಂದು ಲಿಸ್ಬನ್ನಿನಲ್ಲಿ ಯೂರೋಪಿನ ಅಂತಿಮ ಪಂದ್ಯ ಆ ಎರಡು ಕ್ಲಬ್ಬುಗಳಿಗೇ ನಡೆದು, ಸ್ವೀಡನ್ನಿನ ಸ್ಟೀನಾ ಬ್ಲಾಕ್‌ಸ್ಟೇನಿಯಸಳ ಒಂದೇ ಗೋಲಿನಿಂದ ಆರ್ಸೆನಲ್ ಗೆದ್ದಿತು. ಇದನ್ನು ಹೇಳಿದೊಡನೆ ಅಣ್ಣನ ಮಗನ ಮುಖ ಬಾಡಿತು. ಇನ್ನೊಬ್ಬನು ನಕ್ಕನು. ಅದೇ ವರ್ಷ ಕಾರ್ಮೋನಾಳೂ ಮ್ಯಾಡ್ರಿಡನ್ನು ಬಿಟ್ಟು ಪ್ಯಾರಿಸಿಗೆ ಹೋದಳೆಂದು ತಿಳಿಸಿದ ಮೇಲೆ ಅವನ ನಗೆಯೂ ನಿಂತಿತು.

ಅಂದು ರಾತ್ರಿ ಎಲ್ಲರೂ ಎದ್ದುಹೋದ ಮೇಲೆ ಹುಡುಗಿ ನಮ್ಮ ಬಳಿಗೆ ಬಂದು, “ಚಿಕ್ಕಪ್ಪ, ನಮ್ಮ ಶಾಲೆಯ ಮೈದಾನದಲ್ಲಿ ಸಂಜೆ ಹುಡುಗರ ಸರದಿ ಮಾತ್ರ ಇದೆ. ನಾವು ಹನ್ನೊಂದು ಜನ ಸೇರಿದ್ದೇವೆ. ಕೇಳಿದರೆ ‘ಮುಂದಿನ ವರ್ಷ ನೋಡೋಣ’ ಎನ್ನುತ್ತಾರೆ. ಹೋದ ವರ್ಷವೂ ಹಾಗೆಯೇ ಅಂದರು” ಎಂದಳು. ಇಷ್ಟು ದಿನ ಇದನ್ನು ಏಕೆ ಹೇಳಲಿಲ್ಲವೆಂದರೆ, “ನೀವು ಯಾರೂ ಕೇಳಲಿಲ್ಲ” ಎಂದಳು. ಮನೆಯಲ್ಲಿ ಇಬ್ಬರು ಕಾಲ್ಚೆಂಡಿನ ಪಂಡಿತರು, ನಾವೊಬ್ಬ ಮಧ್ಯಸ್ಥರು. ಒಂದು ವರ್ಷದಿಂದ ಯಾರಿಗೂ ತಿಳಿಯದೆ ಹೋಗಿತ್ತು.

ಮರುದಿನ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದೆವು. ವಾರಕ್ಕೆ ಎರಡು ಸಂಜೆ ಹುಡುಗಿಯರಿಗೆ ಮೈದಾನ ಕೊಡಬೇಕೆಂಬುದಷ್ಟೇ ಪ್ರಾರ್ಥನೆ. ಕೆಳಗೆ ಅವಳ ತಂದೆಯ ಸಹಿ, ನಮ್ಮ ಸಹಿ, ಹನ್ನೊಂದು ಮಂದಿ ಹುಡುಗಿಯರ ಮನೆಯವರ ಪೈಕಿ ಒಂಬತ್ತು ಮಂದಿಯ ಸಹಿ. ನಮ್ಮ ಇಬ್ಬರು ಹುಡುಗರೂ ಅಭ್ಯಾಸ ಮಾಡಿಸಲು ಬರುವೆವೆಂದು ತಾವಾಗಿಯೇ ಮುಂದೆ ಬಂದಿದ್ದಾರೆ. ಹುಡುಗಿಯರ ಅಂಗಿ ಯಾವ ಬಣ್ಣದ್ದಾಗಬೇಕೆಂದು ಅವರಿಬ್ಬರಿಗೂ ಈಗಾಗಲೇ ಜಗಳ ಹತ್ತಿದೆ. ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.